ನಿನ್ನೆ ಬಂದವರು

ಅವರ ಎಡಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತನಾಡಿಸಿದರೆ ಕತ್ತನ್ನು ಓರೆ ಮಾಡಿ ಬಲಗಿವಿಯನ್ನು ಮುಂದಕ್ಕೆ ತರುತ್ತಿದ್ದರು. ಕೂದಲನ್ನು ಗಂಡಸರ ಹಾಗೆ ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರಿಂದ ಆ ಕಿವಿ, ಅದರಲ್ಲಿದ್ದ ಸಣ್ಣ ಬೆಳ್ಳಿಯ ಓಲೆ, ಎದುರಿಗಿದ್ದವರಿಗೆ ಮುಖಕ್ಕಿಂತ ಮೊದಲು ಕಾಣುತ್ತಿದ್ದವು. ಕಾಶಿಯಲ್ಲಿ ಹಾಗೆ ಕೂದಲು ತೆಗೆಸಿದ ಹೆಂಗಸನ್ನು ಕಂಡರೆ ಘಾಟಿನ ಪಂಡಾಗಳು ವಿಧವೆಯೋ ಸಂನ್ಯಾಸಿನಿಯೋ ಎಂದುಕೊಂಡು "ಮಾತಾಜಿ, ಮಾತಾಜಿ" ಎಂದು ಬೆನ್ನು ಹತ್ತುತ್ತಾರೆ. ಇವರು ಎರಡೂ ಅಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವೈದ್ಯೆ. ಮೈಸೂರಿನವರು, ಮದುವೆಯಾಗಿರಲಿಲ್ಲ, ಲಂಕಾ ಎಂಬ ಪೇಟೆಯ ಹಿಂದೆ ಪುಸ್ತಕದ ಅಂಗಡಿಯೊಂದರ ಮಾಳಿಗೆಯ ಮೇಲೆ ಬಾಡಿಗೆಗಿದ್ದರು. ನಾವು ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದೆವು.

ನಾವು ಎಂದರೆ ಮಠದವರು. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಬೀದರ್ ಕಡೆಯಿಂದ ಸಂಸ್ಕೃತ ಓದಲೆಂದು ಕಾಶಿಯ ನಮ್ಮ ಮಠಕ್ಕೆ ಬಂದವನು, ಸಂಸ್ಕೃತ ತಲೆಗೆ ಹತ್ತದೆ ಉಗ್ರಾಣದ ಬೀಗದ ಕೈ ಹಿಡಿದುಕೊಂಡು ಉಳಿದುಬಿಟ್ಟಿದ್ದೆ. ಡಾಕ್ಟರಮ್ಮ ಭಾನುವಾರ ಬಂದು ಯಾತ್ರಿಕರ ನೆಗಡಿ, ಭೇದಿ, ಮಂಡಿನೋವುಗಳನ್ನು ನೋಡಿ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಎಳೆದುಕೊಂಡು ಜೋಳದ ರೊಟ್ಟಿ ತಿನ್ನುತ್ತಿದ್ದರು. ಮೈಸೂರಿನವರಿಗೆ ನಮ್ಮ ರೊಟ್ಟಿ ದಕ್ಕುವುದಿಲ್ಲ ಎಂದು ನಾನು ಛೇಡಿಸಿದರೆ, "ನಾನು ಅಲ್ಲಿ ತಿಂದಿರೋದನ್ನ ಹೇಳಿದ್ರೆ ನೀವು ಪಂಕ್ತಿ ಬಿಟ್ಟು ಎದ್ದು ಹೋಗ್ತೀರಿ" ಎನ್ನುತ್ತಿದ್ದರು.

ಅವರ ಬಾಯಲ್ಲಿ 'ಅಲ್ಲಿ' ಎಂದರೆ ಒಂದೇ ಜಾಗ. ಬರ್ಮಾಕ್ಕೂ ಥಾಯ್ಲೆಂಡಿಗೂ ನಡುವೆ ಗಡಿಯಾಗಿ ಒಂದು ನದಿ ಹರಿಯುತ್ತದಂತೆ. ಆಚೆ ದಡದಲ್ಲಿ ಯುದ್ಧ. ಅದರಿಂದ ತಪ್ಪಿಸಿಕೊಂಡು ಬಂದ ಕರೆನ್ ಎಂಬ ಜನ ಈಚೆ ದಡದ ಕಾಡಿನಲ್ಲಿ ಬಿದಿರು ಕಡಿದು, ಎಲೆ ಹೊದಿಸಿ ಮನೆ ಮಾಡಿಕೊಂಡಿದ್ದರು. ಕಾಶಿಗೆ ಬರುವ ಮೊದಲು ಡಾಕ್ಟರಮ್ಮ ಅಂಥ ಒಂದು ನಿರಾಶ್ರಿತರ ಶಿಬಿರದ ಬಿದಿರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. ಕೂದಲು ಉದುರಿ ಗಿಡ್ಡಕ್ಕೆ ಕತ್ತರಿಸಿಕೊಳ್ಳಬೇಕಾದದ್ದು ಅಲ್ಲಿಯ ಮಲೇರಿಯಾಕ್ಕೆ, ಕಿವಿ ಹೋದದ್ದು ಅದಕ್ಕೆ ನುಂಗಿದ ಕ್ವಿನೈನಿಗೆ ಎನ್ನುತ್ತಿದ್ದರು. ಇದರ ಬಗ್ಗೆ ಅವರಿಗೆ ದುಃಖವಿದ್ದಂತೆ ಕಾಣಲಿಲ್ಲ. ಮಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯ ಸ್ವಾಮಿಗಳು ಏನಾದರೂ ಬೇಡವೆನ್ನಲು ಬಾಯಿ ತೆರೆದರೆ, ಮೆಲ್ಲಗೆ ಎಡಗಿವಿಯನ್ನು ಅವರ ಕಡೆ ತಿರುಗಿಸಿ ಕುಳಿತುಬಿಡುತ್ತಿದ್ದರು.

ಶಿಬಿರವೆಂದರೆ ಡೇರೆ, ಮುಳ್ಳುತಂತಿ, ತಟ್ಟೆ ಹಿಡಿದು ನಿಂತ ಸಾಲು ಎಂದು ನಾನು ಕಲ್ಪಿಸಿಕೊಂಡಿದ್ದೆ. ಹಾಗಲ್ಲವಂತೆ. ಅದೊಂದು ಹಳ್ಳಿಯೇ. ಓಣಿಗೊಬ್ಬ ಯಜಮಾನ, ಶಾಲೆ, ತರಕಾರಿಯ ಮಡಿ, ಹಂದಿ, ಜಗಳ, ಮದುವೆ. ಲಾರಿಯಲ್ಲಿ ಅಕ್ಕಿ ಬಂದರೆ ಅವರೇ ಇಳಿಸಿ, ಅವರೇ ಅಳೆದು, ಮನೆಮನೆಗೆ ಹಂಚಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ದಾರಿ ಕೊಚ್ಚಿಹೋಗುತ್ತದೆಂದು ಬೇಸಗೆಯಲ್ಲೇ ಮೂಟೆ ಕೂಡಿಡುತ್ತಿದ್ದರು. "ಅಕ್ಕಿ, ಉಪ್ಪು, ಇನ್ನೊಂದು. ಮೂರನೇದನ್ನ ಮಠದೊಳಗೆ ಹೇಳೋ ಹಾಗಿಲ್ಲ" ಎಂದು ಅವರು ಮಾತು ನಿಲ್ಲಿಸುತ್ತಿದ್ದರು. ಅದು ಕೊಳೆಯಿಸಿದ ಮೀನಿನ ಹಿಟ್ಟು ಎಂದು ನನಗೆ ತಿಳಿದದ್ದು ಒಮ್ಮೆ ಅವರೊಡನೆ ಆಟೋದಲ್ಲಿ ಸಾರನಾಥಕ್ಕೆ ಹೋದಾಗ. ಅಲ್ಲಿಯ ವಿಹಾರವೊಂದರಲ್ಲಿ ಇದ್ದ ಒಬ್ಬ ಕರೆನ್ ಭಿಕ್ಷುವಿನ ಜೊತೆ ಅವರು ಆ ಹಿಟ್ಟಿನ ಬಗ್ಗೆ, ನಮ್ಮವರು ಮಾವಿನಹಣ್ಣಿನ ಬಗ್ಗೆ ಮಾತಾಡುವಷ್ಟು ಆಸೆಯಿಂದ ಮಾತಾಡಿದರು.

ಆ ದಿನ ಹಿಂದಕ್ಕೆ ಬರುವಾಗ ಅವರು ಶಿಬಿರದ ಒಂದು ಪದ್ಧತಿಯನ್ನು ಹೇಳಿದರು. ಹೊಳೆ ದಾಟಿ ಹೊಸಬರು ಬಂದರೆ ಅವರನ್ನು ಎದುರುಗೊಳ್ಳುವುದು ಯಜಮಾನನಲ್ಲ, ಡಾಕ್ಟರಲ್ಲ. ಅವರಿಗಿಂತ ಸ್ವಲ್ಪವೇ ಮೊದಲು ಬಂದವರು. ಹೋದ ವಾರ ಬಂದ ಹೆಂಗಸು ಈ ವಾರ ಬಂದ ಹೆಂಗಸಿನ ಪಕ್ಕದಲ್ಲಿ ಹೋಗಿ ಕೂರುತ್ತಾಳೆ. ಏನನ್ನೂ ಕೇಳುವುದಿಲ್ಲ. ನೀರು ಎಲ್ಲಿ, ಕಕ್ಕಸು ಎಲ್ಲಿ, ಯಾವ ನಾಯಿ ಕಚ್ಚುತ್ತದೆ, ಅಷ್ಟು ಹೇಳುತ್ತಾಳೆ. ಬಿದಿರು, ಮನೆ, ಅಕ್ಕಿಯ ಮಾತೆಲ್ಲ ಆಮೇಲೆ.

"ಹಳಬರು ಯಾಕ ಹೇಳಬಾರದ್ರಿ? ಅವರಿಗೆ ಹೆಚ್ಚು ಗೊತ್ತಿರತದಲ್ಲ" ಎಂದೆ.

"ಹಳಬರಿಗೆ ಎಲ್ಲಾ ಗೊತ್ತಿರುತ್ತೆ. ಬಂದ ದಿನ ಹೆಂಗಿತ್ತು ಅನ್ನೋದು ಮರೆತುಹೋಗಿರುತ್ತೆ" ಎಂದರು. ತಾವು ಹೋದಾಗಲೂ ಹಾಗೇ ಆಯಿತಂತೆ. ಆಸ್ಪತ್ರೆಯವರು ಬರುವ ಮೊದಲೇ, ಹಿಂದಿನ ದಿನ ಹೊಳೆ ದಾಟಿದ್ದ ರೈತನೊಬ್ಬ ಬಂದು ಇವರ ಪೆಟ್ಟಿಗೆ ಹೊತ್ತುಕೊಂಡು ನೇರವಾಗಿ ಕಕ್ಕಸಿನ ಮುಂದೆ ಇಳಿಸಿದನಂತೆ. "ಅವತ್ತು ನನಗೆ ಬೇಕಾಗಿದ್ದೂ ಅದೇ, ಕಣಯ್ಯ" ಎಂದು ನಕ್ಕರು.

ನಾನೂ ನಕ್ಕೆ. ಆ ಮಾತು ಏನೆಂದು ಅರ್ಥವಾದದ್ದು ಕರ್ಫ್ಯೂ ಬಿದ್ದಾಗ.

ಆ ಚಳಿಗಾಲದಲ್ಲಿ ಊರಿನಲ್ಲಿ ಗಲಭೆಯಾಯಿತು. ಅಂಗಡಿ ಮುಚ್ಚಿದವು, ಗಲ್ಲಿಗಳ ಬಾಯಲ್ಲಿ ಪೊಲೀಸರು ಕುಳಿತರು. ಕರ್ನಾಟಕದಿಂದ ಬಂದಿದ್ದ ಯಾತ್ರಿಕರು ಎಲ್ಲೆಲ್ಲಿದ್ದರೋ ಅಲ್ಲಲ್ಲೇ ಸಿಕ್ಕಿಕೊಂಡರು. ಸ್ಟೇಷನ್ನಿನಿಂದ, ದಶಾಶ್ವಮೇಧದ ಲಾಡ್ಜುಗಳಿಂದ ಪೊಲೀಸ್ ವ್ಯಾನಿನಲ್ಲಿ ಅವರನ್ನು ತಂದು ನಮ್ಮ ಹೆಬ್ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದರು. ಹಿರಿಯ ಸ್ವಾಮಿಗಳಿಗೆ ದಾಸೋಹವೆಂದರೆ ಪ್ರಾಣ. ಬಂದವರನ್ನೆಲ್ಲ ಕೂರಿಸಿ ಬಡಿಸಿದರು. ಯಾರನ್ನೂ ಒಂದು ಲೋಟ ತೊಳೆಯಲು ಬಿಡಲಿಲ್ಲ. ಉಣ್ಣುವುದು ಬಿಟ್ಟರೆ ಕೆಲಸವಿಲ್ಲದ ಜನ ಕಂಬಳಿಗೆ, ಬಿಸಿನೀರಿಗೆ, ಮೂಲೆಯ ಜಾಗಕ್ಕೆ ಜಗಳ ತೆಗೆದರು. ಹೊಸ ವ್ಯಾನು ಬಂದರೆ ಒಳಗಿದ್ದವರ ಮುಖ ಗಂಟಿಕ್ಕುತ್ತಿತ್ತು.

ಇಷ್ಟರ ನಡುವೆ ಹೆಬ್ಬಾಗಿಲ ಮೆಟ್ಟಿಲಲ್ಲಿ ಒಬ್ಬ ತಾಯಿ ಕುಳಿತಿದ್ದರು. ಗದಗಿನ ಕಡೆಯವರು. ಅವರ ಯಜಮಾನರು ಕರ್ಫ್ಯೂ ಬೀಳುವ ದಿನ ಬೆಳಿಗ್ಗೆ ಘಾಟಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಅವರನ್ನು ಆಸ್ಪತ್ರೆಗೆ ಒಯ್ದರು. ಗದ್ದಲದಲ್ಲಿ ಈ ತಾಯಿ ಹಿಂದೆ ಉಳಿದರು. ಈಗ ಹೋಗುವಂತಿರಲಿಲ್ಲ. ಊಟಕ್ಕೆ ಕರೆದರೆ ಏಳಲಿಲ್ಲ. ನಾನೇ ತಾಟು ಒಯ್ದು ಮುಂದೆ ಇಟ್ಟೆ.

"ಅವರು ಉಂಡಾರೋ ಇಲ್ಲೋ ಗೊತ್ತಿಲ್ಲ. ನಾ ಹ್ಯಾಂಗ ಉಣ್ಣಲಿ, ತಮ್ಮಾ?" ಎಂದರು. ತಾಟು ಹಾಗೇ ಹಿಂದೆ ಬಂತು.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಆಸ್ಪತ್ರೆಯ ವ್ಯಾನಿನಲ್ಲಿ, ತಮ್ಮೊಬ್ಬರಿಗೆ ಮಾತ್ರ ಸಿಕ್ಕಿದ್ದ ಕರ್ಫ್ಯೂ ಪಾಸು ಹಿಡಿದು ಬಂದರು. ಯಜಮಾನರು ಬದುಕಿದ್ದಾರೆ, ಆದರೆ ಏನೂ ಹೇಳಲು ಬರುವಂತಿಲ್ಲ ಎಂದು ಆ ತಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಇನ್ನೇನು ಸಮಾಧಾನ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. "ಅಮ್ಮಾ, ನೀವು ಹೆಂಗೂ ಬಾಗಿಲಲ್ಲೇ ಕೂತಿದ್ದೀರಿ. ಬರೋರಿಗೆ ನೀರು, ಕಕ್ಕಸು, ಮಲಗೋ ಜಾಗ ತೋರಿಸ್ಬೇಕು. ಜಾರೋ ಮೆಟ್ಟಿಲು ಯಾವುದು, ಕೋತಿ ಎಲ್ಲಿ ಬರುತ್ತೆ, ಅದೂ ಹೇಳ್ಬೇಕು. ಮಾಡ್ತೀರಾ?" ಎಂದರು.

ನನಗೆ ಸಿಟ್ಟು ಬಂತು. ಹಿರಿಯ ಸ್ವಾಮಿಗಳಂತೂ ಕೆಂಪಗಾದರು. "ಏನ್ರೀ ಡಾಕ್ಟರಮ್ಮ, ಕಾಶಿಗೆ ಬಂದ ಭಕ್ತರ ಕೈಲೆ ಚಾಕರಿ ಮಾಡಸ್ತೀರೇನು? ಅದೂ ಇಂಥಾ ಹೊತ್ತಿನ್ಯಾಗ?" ಎಂದರು. ಡಾಕ್ಟರಮ್ಮ ಎಡಗಿವಿ ತಿರುಗಿಸಿದರು.

ಸ್ವಲ್ಪ ಹೊತ್ತಿಗೆ ಒಂದು ವ್ಯಾನು ಬಂತು. ಬಳ್ಳಾರಿ ಕಡೆಯ ಒಂದು ಕುಟುಂಬ. ಸ್ಟೇಷನ್ನಿನ ನೆಲದ ಮೇಲೆ ಮಲಗಿ ಮಲಗಿ ಮುಖ ಬಾಡಿದ ಅಜ್ಜಿ, ಮಗ, ಸೊಸೆ. ಅವರು ಬಾಗಿಲಲ್ಲಿ ದಿಕ್ಕುಗಾಣದೆ ನಿಂತಾಗ ಈ ತಾಯಿ ಅವರನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದರು. "ಬರ್ರಿ. ಕೈಕಾಲು ತೊಳಕೊಳ್ಳೋದು ಈ ಕಡೆ. ಹುಷಾರಿ, ಮೂರನೇ ಮೆಟ್ಲ ಜಾರತೈತಿ. ನಾ ನಿನ್ನೆ ಬಿದ್ದೇನಿ" ಎಂದರು. ಅವರು ಬಿದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಪಂಕ್ತಿಯಲ್ಲಿ ಬಳ್ಳಾರಿಯ ಅಜ್ಜಿ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ನೀನು ಕುಂದ್ರವ್ವ, ನೀನು ಉಂಡ್ರೆ ನಾನು ಉಣ್ತೀನಿ" ಎಂದು ಹಟ ಹಿಡಿದರು. ತಾಯಿ ಕುಳಿತರು. ಅರ್ಧ ರೊಟ್ಟಿ ತಿಂದರು. ಅದನ್ನು ಕಂಡು ನನ್ನ ಸಿಟ್ಟು ಇಳಿಯಿತು. ಮಾರನೆಯ ದಿನ ಬಂದವರನ್ನು ಬಳ್ಳಾರಿಯವರು ಎದುರುಗೊಂಡರು, ಹಾಗೆ ಬಂದವರು ತಮ್ಮ ನಂತರ ಬಂದವರನ್ನು. ಯಾರದೋ ಕೈಗೆ ಪೊರಕೆ ಬಂತು, ಇನ್ಯಾರೋ ಹಿಟ್ಟು ನಾದಲು ಕುಳಿತರು. ಜಗಳ ಪೂರ್ತಿ ನಿಂತಿತೆಂದರೆ ಸುಳ್ಳಾಗುತ್ತದೆ, ಆದರೆ ಜಗಳವಾಡುವವರೂ ಆಡುತ್ತಲೇ ತೊಗರಿಬೇಳೆ ಆರಿಸುತ್ತಿದ್ದರು. ಹಿರಿಯ ಸ್ವಾಮಿಗಳು ಬಾಯಿ ಬಿಟ್ಟು ಹೊಗಳಲಿಲ್ಲ. ಉಗ್ರಾಣಕ್ಕೆ ಬಂದು, "ಆಕಿಗೆ ಏನು ಬೇಕೋ ಕೊಡಪಾ, ನನ್ನನ್ನ ಕೇಳಬ್ಯಾಡ" ಎಂದು ಹೋದರು.

ಕರ್ಫ್ಯೂ ಇನ್ನೂ ಇರುವಾಗಲೇ ಒಂದು ಬೆಳಿಗ್ಗೆ ಡಾಕ್ಟರಮ್ಮ ವ್ಯಾನಿನಿಂದ ಇಳಿದು, ಎಂದಿನಂತೆ ಬಿರಬಿರನೆ ನಡೆಯದೆ, ನಿಧಾನವಾಗಿ ಬಂದರು. ಆ ತಾಯಿ ಮೆಟ್ಟಿಲಲ್ಲಿದ್ದರು. ಅವರ ಪಕ್ಕದಲ್ಲಿ ಕುಳಿತು ಡಾಕ್ಟರಮ್ಮ ಸುದ್ದಿ ಹೇಳಿದರು. ಯಜಮಾನರು ಬೆಳಗಿನ ಜಾವ ಹೋಗಿಬಿಟ್ಟಿದ್ದರು. ತಾಯಿ ಅಳಲಿಲ್ಲ. ಡಾಕ್ಟರಮ್ಮನ ಹೆಗಲಿಗೆ ತಲೆಯಿಟ್ಟು ಅವರ ಕಿವಿಯಲ್ಲಿ ಏನೋ ಹೇಳತೊಡಗಿದರು. ತುಂಬ ಹೊತ್ತು ಹೇಳಿದರು. ಅದು ಎಡಗಿವಿ. ಡಾಕ್ಟರಮ್ಮ ಒಮ್ಮೆಯಾದರೂ ಕತ್ತು ತಿರುಗಿಸಲಿಲ್ಲ.

ಆಮೇಲೆ ಎದ್ದು ಒಳಗೆ ಬಂದು, ಹೆಂಗಸರು ಕುಳಿತಿದ್ದ ಪಡಸಾಲೆಯಲ್ಲಿ ನಿಂತು ಕೇಳಿದರು: "ಈ ತಾಯಿ ಈಗ ಹೊಸದಾಗಿ ಬಂದೋರು. ನಿಮ್ಮಲ್ಲಿ ಈಚೆಗೆ ಗಂಡನ್ನ ಕಳ್ಕೊಂಡೋರು ಯಾರಿದ್ದೀರಿ?"

ಬಳ್ಳಾರಿಯ ಅಜ್ಜಿ ಎದ್ದರು. ಹೋದ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದರಂತೆ; ಅವನ ಹೆಸರಿನಲ್ಲೇ ಕಾಶಿಗೆ ಬಂದದ್ದಂತೆ. ಹೋಗಿ ಮೆಟ್ಟಿಲ ಮೇಲೆ ಕುಳಿತರು. ದೇವರು, ಕರ್ಮ, ಋಣ ಅಂತ ಒಂದು ಮಾತೂ ಆಡಲಿಲ್ಲ. "ಈಗ ಬಾಯಿ ಒಣಗ್ತೈತಿ, ನೀರು ಕುಡೀತಿರು. ರಾತ್ರಿ ಒಬ್ಬಾಕೆ ಮಲಗಬೇಡ, ನನ್ನ ಕೈಗೆ ಸೆರಗು ಕಟ್ಕೊಂಡು ಮಲಕ್ಕ" ಎಂದರು. ಆಗ ಆ ತಾಯಿಗೆ ಅಳು ಬಂತು. ಕರ್ಫ್ಯೂ ಸಡಿಲಿಸಿದ ಹೊತ್ತಿನಲ್ಲಿ ನಮ್ಮ ಕಡೆಯ ರೂಢಿಯಂತೆ ಯಜಮಾನರನ್ನು ಮಣ್ಣು ಮಾಡಿದೆವು. ರೈಲು ಶುರುವಾದಾಗ ಬಳ್ಳಾರಿಯವರೇ ಅವರನ್ನು ಊರು ಮುಟ್ಟಿಸಿದರು.

ಆ ತಾಯಿ ಏನು ಹೇಳಿದರು ಎಂದು ನಾನು ಡಾಕ್ಟರಮ್ಮನನ್ನು ಒಂದು ಸಲ ಕೇಳಿದ್ದೆ.

"ಕೇಳಿಸ್ಲಿಲ್ಲ" ಎಂದರು.

"ಈ ಕಡೆ ತಿರುಗಬಹುದಿತ್ತಲ್ರೀ."

"ಅದು ನಾನು ಕೇಳ್ಲಿ ಅಂತ ಹೇಳಿದ್ದಲ್ಲ. ಹೇಳೋದಕ್ಕೆ ಒಂದು ಕಿವಿ ಬೇಕಿತ್ತು, ಅಷ್ಟೇ."

ಅವರ ಋಣ ನನ್ನ ಮೇಲೂ ಇದೆ. ಮರುವರ್ಷ ನನ್ನ ಅವ್ವ ತೀರಿಕೊಂಡ ಸುದ್ದಿ ಮಣ್ಣಾದ ಮೇಲೆ ನನಗೆ ಮುಟ್ಟಿತು. ಮಠದಲ್ಲಿ ಎಲ್ಲರೂ ಶರೀರ ನಶ್ವರ ಎಂದು ನನಗೆ ಬೋಧಿಸುತ್ತಿದ್ದಾಗ ಡಾಕ್ಟರಮ್ಮ ಆಸ್ಪತ್ರೆಯ ಒಬ್ಬ ಕಾಂಪೌಂಡರನ್ನು ಕರೆತಂದು ನನ್ನ ಪಕ್ಕ ಕೂರಿಸಿ ಹೋದರು. ಊರಿನ ಹೊರಗಿನ ಹಳ್ಳಿಯವನು, ಭೋಜಪುರಿ ಬಿಟ್ಟರೆ ಬೇರೆ ಬಾರದು. ಅವನ ತಾಯಿ ಸತ್ತು ಹೆಚ್ಚು ದಿನ ಆಗಿರಲಿಲ್ಲ. ಇಬ್ಬರೂ ಉಗ್ರಾಣದ ಮೂಟೆಗಳ ಮೇಲೆ ಕುಳಿತು ಅತ್ತೆವು. ನಾನು ಮತ್ತೆ ಊಟಕ್ಕೆ ಕುಳಿತದ್ದು, ಊರಿಗೆ ಹೋಗಿ ಅವ್ವನ ಮಣ್ಣು ಮುಟ್ಟಿ ಬರುವ ಧೈರ್ಯ ತಂದುಕೊಂಡದ್ದು ಆಮೇಲೆಯೇ. ಇದಕ್ಕಾಗಿ ಅವರಿಗೆ ಏನಾದರೂ ಹೇಳಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡೆ. ಅವರು ರೊಟ್ಟಿ ತಿನ್ನುತ್ತಿರುತ್ತಿದ್ದರು, ನಾನು ಬಡಿಸುತ್ತಿರುತ್ತಿದ್ದೆ. ಮಾತು ಅಲ್ಲಿಗೇ ಉಳಿಯಿತು.

ನಿವೃತ್ತಿಯ ನಂತರ ಅವರು ಮೈಸೂರಿಗೆ ಹೋದರು, ನಾನು ಬೀದರಿಗೆ. ಅವರು ತೀರಿಕೊಂಡರೆಂದು ಫೋನು ಬಂದಾಗ ಸಿಕ್ಕ ಬಸ್ಸು ಹತ್ತಿ ಹೊರಟೆ. ಆ ಬಡಾವಣೆಯಲ್ಲಿ ಮನೆ ಹುಡುಕಿ ಗೇಟಿನ ಮುಂದೆ ನಿಂತಾಗ ಒಳಗೆ ತುಂಬ ಜನ, ಒಬ್ಬರೂ ಗುರುತಿನವರಲ್ಲ. ಕಣ್ಣು ಕೆಂಪಾಗಿದ್ದ ಒಬ್ಬ ನರ್ಸ್ ಗೇಟಿನ ಪಕ್ಕದಲ್ಲಿ ನಿಂತಿದ್ದಳು. ನಾನು ಯಾರು, ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. "ಕಕ್ಕಸು ಹಿತ್ತಿಲಲ್ಲಿದೆ, ಚಿಲಕ ಸ್ವಲ್ಪ ಬಿಗಿ. ಕುಡಿಯೋ ನೀರು ಬಾವಿಕಟ್ಟೆ ಮೇಲಿದೆ. ನಾನೂ ಈಗ ತಾನೇ ಬಂದೆ" ಎಂದಳು. ಹೇಳಿ, ಒಳಗೆ ಹೋದಳು.

ನನಗೆ ಮೊದಲು ನಗು ಬಂತು. ಆಮೇಲೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಹಿತ್ತಿಲಿಗೆ ಹೋಗಿ ಬಂದು, ನೀರು ಕುಡಿದು, ಗೇಟಿನ ಪಕ್ಕದಲ್ಲಿ ಅವಳು ನಿಂತಿದ್ದ ಜಾಗದಲ್ಲಿ ನಿಂತೆ. ಒಳಗೆ ಹೋಗಿ ಅವರ ಮುಖ ನೋಡುವ ಆತುರ ನನಗೂ ಇತ್ತು. ಆದರೂ ನಿಂತೆ. ಸ್ವಲ್ಪ ಹೊತ್ತಿಗೆ ಆಟೋದಿಂದ ಒಬ್ಬ ವೃದ್ಧೆ ಮೊಮ್ಮಗಳ ಕೈ ಹಿಡಿದು ಇಳಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೆ ಮೊಣಕಾಲಿಗೆ ಕೈ ಊರಿದ ರೀತಿಯಿಂದ ಗುರುತು ಹಿಡಿದೆ. ಅದು ಗದಗಿನ ತಾಯಿ. ಅವರಿಗೆ ನನ್ನ ಗುರುತು ಸಿಗಲಿಲ್ಲ.

"ನೀರು ಬಾವಿಕಟ್ಟಿ ಮ್ಯಾಲ ಅದರೀ, ತಾಯಿ. ಕಕ್ಕಸ ಹಿತ್ತಲದಾಗ, ಚಿಲಕ ಬಿಗಿ ಅದ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ನೀ ಒಳಗ ಹೋಗಪಾ. ಇನ್ನ ಬರೋರಿಗೆ ನಾ ಹೇಳತೀನಿ" ಎಂದರು.

ನಾನು ಒಳಗೆ ಹೋದೆ. ಡಾಕ್ಟರಮ್ಮನನ್ನು ಚಾಪೆಯ ಮೇಲೆ ಮಲಗಿಸಿದ್ದರು, ಬಲಗಿವಿಯಲ್ಲಿ ಬೆಳ್ಳಿಯ ಓಲೆ ಹಾಗೇ ಇತ್ತು. ನಾನು ಸುತ್ತು ಹಾಕಿ ಎಡಗಡೆಗೆ ಬಂದು ಕುಳಿತೆ, ಬಗ್ಗಿ, ಅಷ್ಟು ಭಾನುವಾರ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಆ ಕಿವಿಯಲ್ಲಿ ಹೇಳಿದೆ.