ಮೋತಿ ಕಿವಿ ತಿರುಗಿಸಿದ ಸಂಜೆ

ನಾನು ಸ್ಕೂಲು ಬಿಟ್ಟಿದ್ದು ೧೯೮೮ರಲ್ಲಿ, ಏಳನೇ ಕ್ಲಾಸಿಗೆ. ಅಪ್ಪನಿಗೆ ಸೊಂಟ ಹಿಡಿದುಕೊಂಡಿತ್ತು, ಜಟಕಾ ಹೊಡೆಯೋರು ಬೇಕಿತ್ತು. ಅವತ್ತಿನಿಂದ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಿಗೆ ನೂಲಿನ ಮೂಟೆ, ಸೀರೆ ಗಂಟು ಸಾಗಿಸಿ ಬದುಕಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಹೋದ ವರ್ಷ ದೀಪಾವಳಿ ಸಂಜೆ ಮಾತ್ರ ಪಕ್ಕದ ಮನೆ ಬಾಗಿಲಿಗೆ ಹೋಗಿ ಕೈ ಮುಗಿದೆ.

ಜಟಕಾ ಕಾಲ ಮುಗಿದು ಗೂಡ್ಸ್ ಆಟೋ ತಗೊಂಡ ಮೇಲೂ ನನ್ನ ಕೊನೇ ಕುದುರೆ ಮೋತಿಯನ್ನು ಮಾರಲಿಲ್ಲ. ಇಪ್ಪತ್ತೈದು ದಾಟಿದ ಬಿಳಿ ಹೆಣ್ಣು ಕುದುರೆ. ಮುಂಗಾಲಿನ ಮಂಡಿ ಎರಡೂ ಊದಿ ತೆಂಗಿನಕಾಯಿಯಂತಾಗಿವೆ. ಪಶು ಡಾಕ್ಟರು ನೋಡಿ, "ಕೀಲು ಸವೆದೋಗಿದೆ. ನಿಂತೇ ನಿದ್ದೆ ಮಾಡ್ಕೊಳ್ಳುತ್ತೆ ಬಿಡಿ. ಆದ್ರೆ ಬೆದರಿ ಬಿದ್ರೆ ಮತ್ತೆ ಏಳಲ್ಲ" ಅಂದಿದ್ದರು. ದಿನಾ ಎರಡು ಹೊತ್ತು ಬಿಸಿ ಎಣ್ಣೆ ತಿಕ್ಕುತ್ತೇನೆ. "ನನ್ನ ಮಂಡಿಗೂ ಈ ಉಪಚಾರ ಸಿಕ್ಕಿದ್ರೆ ನಾನೂ ರೇಸಿಗೆ ಹೋಗ್ತಿದ್ದೆ" ಅಂತ ನನ್ನ ಹೆಂಡತಿ ರತ್ನ ಚುಚ್ಚುತ್ತಾಳೆ.

ಮೋತಿಯ ಲಾಯಕ್ಕೂ ಪಕ್ಕದ ಸರೋಜಕ್ಕನ ಮಗ್ಗದ ಮನೆಗೂ ಒಂದೇ ಗೋಡೆ. ಅಲ್ಲಿ ನಾಲ್ಕು ಪವರ್‌ಲೂಮ್. ಮೂಲೆಯದು ಅವರ ಯಜಮಾನರು ನಂಜುಂಡಣ್ಣ ಓಡಿಸುತ್ತಿದ್ದದ್ದು. ಅವರು ತೀರಿಕೊಂಡು ಮೂರು ವರ್ಷ, ಆ ಮಗ್ಗಕ್ಕೆ ಮತ್ತೆ ಯಾರೂ ಕೈ ಹಚ್ಚಿಲ್ಲ. ಉಳಿದ ಮೂರು ದಿನವಿಡೀ ಬಡಿಯುತ್ತವೆ. ಆ ಸದ್ದಿಗೆ ಮೋತಿ ತಲೆ ತೂಗುತ್ತಾ ನಿಲ್ಲುತ್ತದೆ.

ಪ್ರತಿ ದೀಪಾವಳಿಗೂ ಪಟಾಕಿ ಸದ್ದಿಗೆ ಬೆದರದಿರಲಿ ಅಂತ ಮೋತಿಯನ್ನು ನಡೆಸಿಕೊಂಡು ಹೋಗಿ ಮಧುರೆ ಹತ್ತಿರ ರತ್ನಳ ತವರಿನ ತೋಟದಲ್ಲಿ ಕಟ್ಟುತ್ತಿದ್ದೆ. ಹೋದ ವರ್ಷ ಅಷ್ಟು ದೂರ ನಡೆಯುವ ಹಾಗಿರಲಿಲ್ಲ, ಗಾಡಿ ಹತ್ತಲೂ ಆಗಲಿಲ್ಲ. ಲಾಯದಲ್ಲೇ ಮಂದವಾಗಿ ಹುಲ್ಲು ಹಾಸಿದೆ. ಕಿವಿಗೆ ಹತ್ತಿ ಇಟ್ಟೆ. ಕಿಟಕಿಗೆ ಗೋಣಿಚೀಲ ಕಟ್ಟಿ, ಹೊರಗಿನ ಮಿಂಚು ಕಾಣದಿರಲಿ ಅಂತ ಬಲ್ಬ್ ಹಾಕಿಟ್ಟೆ. ಎಲ್ಲಾ ಸರಿಯಾಯ್ತು ಅಂದುಕೊಂಡೆ. ಆದರೆ ಮಗ್ಗಗಳನ್ನು ಮರೆತಿದ್ದೆ. ಲಕ್ಷ್ಮೀ ಪೂಜೆ ದಿನ ಮಗ್ಗ ಒರೆಸಿ, ಕುಂಕುಮ ಇಟ್ಟು, ಹೂ ಮುಡಿಸಿ ನಿಲ್ಲಿಸಿಬಿಡುತ್ತಾರೆ. ಆ ಸಂಜೆ ಬೀದಿಯ ಮಗ್ಗಗಳೆಲ್ಲಾ ನಿಂತು, ಕಿವಿಯಲ್ಲಿ ಗುಂಯ್ ಅನ್ನುವಷ್ಟು ನಿಶ್ಶಬ್ದ. ಅದರೊಳಗೆ ಮೊದಲ ಆಟಂಬಾಂಬ್ ಸಿಡಿಯಿತು.

ಮೋತಿ ಬೆದರಿ ಗೋಡೆಗೆ ಅಪ್ಪಳಿಸಿತು. ಹೇಗೋ ಸಾವರಿಸಿಕೊಂಡು ನಿಂತಿತು. ಮೈಯೆಲ್ಲಾ ಬೆವರು, ಮಂಡಿ ಗಡಗಡ. ಹಗ್ಗ ರತ್ನಳ ಕೈಗೆ ಕೊಟ್ಟು ಸರೋಜಕ್ಕನ ಮನೆಗೆ ಓಡಿದೆ.

"ಅಕ್ಕಾ, ಮಗ್ಗ ಹಾಕಿ. ಒಂದು ಗಂಟೆ."

"ಏನಪ್ಪಾ, ಕುಡ್ದಿದ್ದೀಯಾ? ಪೂಜೆ ಮಾಡಿ ನಿಲ್ಸಿರೋದು. ಪಾಡ್ಯ ಕಳೀದೆ ಮುಟ್ಟಲ್ಲ."

"ಮೋತಿ ಬೆದರಿದೆ. ಬಿದ್ರೆ ಏಳಲ್ಲ ಅಕ್ಕಾ."

ಕೈ ಮುಗಿದೆ. ಅವರು ನನ್ನ ಕೈಯನ್ನೇ ನೋಡಿದರು. "ಇಳ್ಸು ಕೈನ. ನಿನಗೆ ಒಪ್ಪಲ್ಲ" ಅಂದು ಎದ್ದರು. ಮೂರು ಮಗ್ಗದ ಹೂ ತೆಗೆದು ಕಣ್ಣಿಗೊತ್ತಿಕೊಂಡು ಸ್ವಿಚ್ ಹಾಕಿದರು. ನಾಲ್ಕನೆಯದನ್ನು ಮುಟ್ಟಲಿಲ್ಲ.

ನಾನು ಲಾಯಕ್ಕೆ ಬರುವಷ್ಟರಲ್ಲಿ ಮೋತಿಯ ಏದುಸಿರು ಇಳಿದಿತ್ತು. ಹೊರಗೆ ಸರಪಟಾಕಿ ಸಿಡಿಯುತ್ತಿದ್ದರೂ ತಲೆ ತೂಗುತ್ತಿತ್ತು. ರತ್ನ ದೀಪ ನೋಡಲು ಒಳಗೆ ಹೋದಳು.

ಆಗ ಕರೆಂಟ್ ಹೋಯಿತು.

ಮಗ್ಗ ನಿಂತವು. ಕತ್ತಲು. ಕುತ್ತಿಗೆ ತಬ್ಬಿಕೊಂಡು, ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಕಾದೆ. ಬಾಗಿಲ ಎದುರಿಗೇ ಬಾಂಬ್ ಸಿಡಿಯಿತು. ನಾನು ಬೆಚ್ಚಿಬಿದ್ದೆ, ಮೋತಿ ಅಲ್ಲಾಡಲಿಲ್ಲ. ಬಾಗಿಲ ಸಂದಿಯಿಂದ ಬೆಳಕು ಹೊಡೆದಾಗ ನೋಡಿದೆ. ಎರಡೂ ಕಿವಿ ಗೋಡೆಯ ಆ ತುದಿಗೆ, ನಂಜುಂಡಣ್ಣನ ಮಗ್ಗ ಇರುವ ಮೂಲೆಗೆ ತಿರುಗಿವೆ. ತಲೆ ಇನ್ನೂ ತೂಗುತ್ತಿದೆ, ಒಂದೇ ಲಯಕ್ಕೆ. ಗೋಡೆಗೆ ಕಿವಿ ಹಚ್ಚಿದೆ. ಏನೂ ಇಲ್ಲ, ಗೋಡೆಯ ತಂಪಷ್ಟೇ.

ಆ ಕಡೆಯಿಂದ ಸರೋಜಕ್ಕನ ದನಿ ಬಂತು, ಮೆಲ್ಲಗೆ. "ಯಾರಪ್ಪಾ ಅದು ಮಗ್ಗ ಓಡಿಸ್ತಿರೋದು?"

"ಕರೆಂಟಿಲ್ಲ ಅಕ್ಕಾ."

"ಅದು ಗೊತ್ತು ಕಣೋ" ಅಂದರು.

ಬಿಟ್ಟು ಓಡೋಣ ಅನ್ನಿಸಿತು, ಕುದುರೆ ಕುತ್ತಿಗೆ ಬಿಡಲಾಗಲಿಲ್ಲ. ಕರೆಂಟ್ ಬಂದು ಮೂರು ಮಗ್ಗ ಮತ್ತೆ ಬಡಿದಾಗಲೇ ಮೋತಿ ಕಿವಿ ಸಡಿಲಿಸಿದ್ದು. ಪಟಾಕಿ ನಿಂತ ಮೇಲೆ ಹೋಗಿ ನೋಡಿದೆ. ಮೂಲೆಯ ಮಗ್ಗದ ಹೂವಿನ ಒಂದು ಎಸಳೂ ಉದುರಿರಲಿಲ್ಲ. ಅದರ ಪಕ್ಕ ಸರೋಜಕ್ಕ ನೆಲದ ಮೇಲೆ ಕೂತಿದ್ದರು. ಅತ್ತಿದ್ದರು, ಆದರೆ ಹೆದರಿರಲಿಲ್ಲ.

"ಪ್ರಾಣಿಯ ಅಭ್ಯಾಸಬಲ ಅಷ್ಟೆ" ಅನ್ನುತ್ತಾಳೆ ರತ್ನ. ಇರಬಹುದು. ಸರೋಜಕ್ಕನಿಗೆ ಕೇಳಿಸಿದ್ದು ಏನು ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ. ಇದನ್ನು ಬರೆಯಲಾ ಅಂದಾಗ "ಬರಿ" ಅಂದರು, ಅಷ್ಟೆ. ನನಗೆ ಕೇಳಿಸಲಿಲ್ಲವಲ್ಲ ಅನ್ನೋದು ಮಾತ್ರ ಇವತ್ತಿಗೂ ಕೊರೆಯುತ್ತದೆ.

ಈಗ ನನಗಿರೋದು ಇಷ್ಟು: ಶೀಟಿನ ಮನೆ ಒಂದು, ಗೂಡ್ಸ್ ಆಟೋ ಎರಡು, ಮದುವೆಯಾದ ಮಗಳು ಒಬ್ಬಳು, ಬೈಯೋಕೆ ಹೆಂಡತಿ ಒಬ್ಬಳು, ನಿಂತಿರೋ ಕುದುರೆ ಒಂದು.