ಹಾಸನದಲ್ಲಿ ಅವಳು ಉಂಡ ದಿನ

ನನ್ನ ಮೂಗಿನ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನಿಗೆ ಜಂಬಪಡಲು ಇನ್ನೇನಿರುತ್ತದೆ, ಹೇಳಿ. ಹೊಂಗಡಹಳ್ಳದ ದಾರಿಯಲ್ಲಿರುವ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನನ್ನ ವಶದಲ್ಲಿತ್ತು. ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಮೈಮೇಲಿನ ಲೋಳೆ ಸಡಿಲವಾದ ಗಳಿಗೆ ನೋಡಿ ತೊಳೆಯಬೇಕು. ಬೇಗ ತೊಳೆದರೆ ಲೋಳೆ ಬಿಡದು, ತಡವಾದರೆ ಬೀಜ ಕೆಡುತ್ತದೆ. ಆ ಗಳಿಗೆಯನ್ನು ನಾನು ತೊಟ್ಟಿಯ ಅಂಚಿನಲ್ಲಿ ನಿಂತು ಮೂಗಿನಿಂದಲೇ ಹೇಳುತ್ತಿದ್ದೆ. ಧಣಿಗಳು ಮನೆಗೆ ಬಂದ ನೆಂಟರಿಗೆ ನನ್ನನ್ನು ತೋರಿಸುತ್ತಿದ್ದರು, ಒಳ್ಳೆಯ ಹೋರಿಯನ್ನು ತೋರಿಸಿದ ಹಾಗೆ. ನಾನೂ ಕತ್ತೆತ್ತಿ ನಿಲ್ಲುತ್ತಿದ್ದೆ.

ಇಂಥ ಮೂಗನ್ನು ಮುಖದ ಮೇಲೆ ಹೊತ್ತುಕೊಂಡೇ ನಾನು ಹಾಸನದಲ್ಲಿ ಅರ್ಧ ದಿನ ದಾರಿ ತಪ್ಪಿದೆ. ಎಪ್ಪತ್ತರ ದಶಕದ ಕೊನೆಯ ಮಾತು, ಈಗ ಹದಿನಾಲ್ಕು ವರ್ಷವಾಯಿತು. ನನ್ನ ಹೆಂಡತಿ ಸಾವಿತ್ರಿಗೆ ಆಗ ಮೂರು ತಿಂಗಳು. ಅದಕ್ಕೆ ಹಿಂದಿನ ಬಸಿರು ನಿಂತಿರಲಿಲ್ಲ. ಈ ಸಲ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು, ರೊಟ್ಟಿ ಕಂಡರೆ ಎದ್ದು ಹೋಗುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಸಕಲೇಶಪುರದ ಡಾಕ್ಟರು, "ಔಷಧಿ ಆಮೇಲೆ, ಮೊದಲು ಹೊಟ್ಟೆಗೆ ಏನಾದರೂ ಹೋಗಬೇಕು. ಹೀಗೇ ಆದರೆ ಇದೂ ಉಳಿಯುವುದು ಕಷ್ಟ" ಎಂದುಬಿಟ್ಟರು.

ಅವ್ವನಿಗೆ ಡಾಕ್ಟರಿಗಿಂತ ಹೆಚ್ಚು ತಿಳಿದಿತ್ತು. "ಬಯಕೆ ಐತೆ ಕಣೋ ಅವ್ಳಿಗೆ, ಬಾಯ್ ಬುಡ್ತಿಲ್ಲ. ತೀರುಸ್ದೆ ಇದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತೈತೆ" ಎಂದಳು. ಸಾವಿತ್ರಿಯನ್ನು ಕೇಳಿದರೆ, "ಏನೂ ಬ್ಯಾಡ, ಬುಡಿ" ಎಂಬ ಒಂದೇ ಉತ್ತರ.

ದಾರಿ ತೋರಿಸಿದವರು ಪೀಟರ್. ನಮ್ಮ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಮಂಗಳೂರು ಕಡೆಯಿಂದ ಬಂದವರು, ಊಟದ ವಿಷಯದಲ್ಲಿ ದೊಡ್ಡ ಭಕ್ತರು. "ಬಯಕೆ ಕೇಳಿದ್ರೆ ಬರೂದಿಲ್ಲ ಮಂಜಣ್ಣ, ಕಣ್ಣಿಗೆ ಕಾಣ್ಬೇಕು. ಹಾಸನಕ್ಕೆ ಕರ್ಕೊಂಡು ಹೋಗುವ. ಅಷ್ಟು ಹೋಟ್ಲುಂಟು, ಒಂದರಲ್ಲಾದ್ರೂ ಸಿಕ್ತದೆ" ಎಂದರು. ವಾರದ ರಜೆಯ ದಿನ ಹೊರಡುವುದೆಂದಾಯಿತು. ಹಿಂದಿನ ದಿನ ನನ್ನ ಬಿಳಿ ಶರ್ಟನ್ನು ಸೋಪು ಹಾಕಿ ಒಗೆದು, ಪಲ್ಪರ್ ಮನೆಯ ಎಂಜಿನ್ನಿನ ಮೇಲೆ ಕಟ್ಟಿದ್ದ ಹಗ್ಗಕ್ಕೆ ಹರವಿದೆ. ಪಲ್ಪರಿನವರೆಲ್ಲ ಹಾಗೇ ಮಾಡುವುದು. ಮಂಜು ಬೀಳುವ ಕಾಲದಲ್ಲಿ ಬಟ್ಟೆ ಬೇರೆಲ್ಲೂ ಒಣಗುವುದಿಲ್ಲ. ಎಂಜಿನ್ನಿನ ಬಿಸಿಗೆ ಇಸ್ತ್ರಿ ಮಾಡಿದಷ್ಟು ಗರಿಗರಿಯಾಗುತ್ತದೆ. ಬೆಳಿಗ್ಗೆ ಅದನ್ನು ತೊಟ್ಟು ಸಾವಿತ್ರಿ, ಅವ್ವ, ಪೀಟರ್ ಜೊತೆ ಮದುಮಗನ ಹಾಗೆ ಬಸ್ಸು ಹತ್ತಿದೆ.

ಹಾಸನದ ಬಸ್‌ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ಮಸಾಲೆ ದೋಸೆ. ಸಾವಿತ್ರಿ ಒಂದು ಚೂರು ಮುರಿದು, ಬಾಯಿಯ ಹತ್ತಿರ ತಂದು, ಕೆಳಗಿಟ್ಟಳು. ನಾನು ಇನ್ನಷ್ಟು ಹತ್ತಿರ ಸರಿದು ಕೂತು, "ತಿನ್ನೇ, ಒಂಚೂರು" ಎಂದು ಮುದ್ದು ಮಾಡಿದೆ. ಅವಳು ಸೆರಗನ್ನು ಮೂಗಿಗೆ ಹಿಡಿದಳು. "ಎಣ್ಣೆ ಹಳೇದು" ಎಂದು ನಾನು ತೀರ್ಪು ಕೊಟ್ಟೆ. ಮುಂದಿನ ಹೋಟೆಲಿನ ಇಡ್ಲಿಗೆ "ಹಿಟ್ಟು ಹುಳಿ ಬಂದೈತೆ" ಎಂದೆ. ಅದರ ಮುಂದಿನ ಕೇಸರಿಬಾತಿನ ತುಪ್ಪವೂ ನನ್ನ ಮೂಗಿನ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಮುಟ್ಟಿ ಬಿಟ್ಟ ತಟ್ಟೆಗಳನ್ನು ನಾನೂ ಪೀಟರೂ ಖಾಲಿ ಮಾಡುತ್ತಾ ಹೋದೆವು.

"ಬಯಕೆ ಯಾರಿಗೆ ಅಂತ ಗೊತ್ತಾಗ್ಲಿಲ್ಲ ಮಾರಾಯ. ತೀರ್ತಾ ಇರೂದು ಮಾತ್ರ ನಂದು" ಎಂದರು ಪೀಟರ್, ಬೆಲ್ಟಿನ ತೂತು ಬದಲಿಸುತ್ತಾ.

"ಬಸ್ರಿ ಒಣಗೋದ್ಲು, ಜತೇಲಿ ಬಂದೋರು ಊದ್ಕಂಡ್ರು" ಎಂದಳು ಅವ್ವ. ಸಾವಿತ್ರಿ ನಕ್ಕಳು. ನಗುವಾಗಲೂ ಅವಳ ತುಟಿ ಒಣಗಿತ್ತು. ನಾನು ಮುಂದಿದ್ದ ತಟ್ಟೆಯನ್ನು ದೂರ ತಳ್ಳಿದೆ.

ಮಧ್ಯಾಹ್ನ ಊಟದ ಹೋಟೆಲಿಗೆ ಹೋದೆವು. ಹೆಂಗಸರು ಮಕ್ಕಳು ಕೂರುವ ಫ್ಯಾಮಿಲಿ ರೂಮಿನಲ್ಲಿ ಇಬ್ಬರಿಗಷ್ಟೇ ಜಾಗ. ಅವ್ವ, ಸಾವಿತ್ರಿ ಒಳಗೆ ಹೋದರು. ನಾವು ಗಂಡಸರು ಹೊರಗಿನ ಬೆಂಚಿಗೆ. ನನಗೆ ಕೂರಲಾಗದೆ ಎದ್ದು ಪರದೆಯ ಸಂದಿಯಿಂದ ಇಣುಕಿದೆ.

ಸಾವಿತ್ರಿ ಉಣ್ಣುತ್ತಿದ್ದಳು. ಸಾರನ್ನ ಕಲಸಿ, ತುತ್ತು ಕಟ್ಟಿ, ಕಣ್ಣು ಅರೆ ಮುಚ್ಚಿ ಉಣ್ಣುತ್ತಿದ್ದಳು. ಬಡಿಸುವವನು ಇನ್ನಷ್ಟು ಹಾಕಿದಾಗ ಬೇಡವೆನ್ನಲಿಲ್ಲ. ಬೆರಳ ಸಂದಿಯಲ್ಲಿ ಇಳಿದ ಸಾರನ್ನು ಚೀಪಿದಳು. ನಾನು ಮದುವೆಯಾದ ಮೇಲೆ ಅವಳು ಉಣ್ಣುವುದನ್ನು ಅಷ್ಟು ಹೊತ್ತು ನೋಡಿರಲೇ ಇಲ್ಲ. ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ, ಯಾರು ನೋಡುತ್ತಾರೆ.

ಈ ಹೋಟೆಲಿನ ಸಾರಿಗೆ ಕೈಮುಗಿಯಬೇಕು ಅನ್ನಿಸಿತು. ಒಂದು ಬಟ್ಟಲು ಪಾಯಸ ಹೇಳಿ, ನಾನೇ ಹಿಡಿದುಕೊಂಡು ಒಳಗೆ ನುಗ್ಗಿ, ಅವಳ ಭುಜಕ್ಕೆ ಭುಜ ತಾಗುವಂತೆ ಬಗ್ಗಿ ಎಲೆಯ ಪಕ್ಕಕ್ಕಿಟ್ಟೆ. ಅವಳ ಕೈ ನಿಂತಿತು. ಸೆರಗು ಮೂಗಿಗೆ ಹೋಯಿತು. ಕಣ್ಣಲ್ಲಿ ನೀರು.

ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹಾಲು ಒಡೆದಿದೆಯೋ ಎಂದು ಪಾತ್ರೆ ಮೂಸುವ ಹಾಗೆ ನನ್ನ ತೋಳನ್ನು ಮೂಸಿದಳು.

"ಆಚಿಗ್ ಹೋಗೋ."

"ಯಾಕವ್ವ?"

"ಪಲ್ಪರ್ ಮನೇನೇ ಹೊದ್ಕಂಡ್ ಬಂದಿದೀಯಲ್ಲೋ, ಅಂಗಿ ತುಂಬಾ ತೊಟ್ಟಿ ಹುಳಿ ನಾತ. ಬೆಳಗಿಂದ ನಂಗೂ ತಿಳೀಲಿಲ್ಲ. ನಮಗೆಲ್ಲ ಒಗ್ಗೋಗೈತೆ."

ಸಾವಿತ್ರಿ ಎಲೆಯನ್ನೇ ನೋಡುತ್ತಾ ಹೇಳಿದಳು: "ನಾನೇನೂ ಅನ್ನಲಿಲ್ಲ ಅತ್ತೆ. ದುಡ್ಯೋ ಮೈ ಅದು. ನಾತ ಅಂದ್ರೆ ನೊಂದ್ಕತಾರೆ."

ಅವಳು ಹೇಳಿದ್ದು ಸುಳ್ಳಲ್ಲ. ಧಣಿಗಳ ನೆಂಟರೊಬ್ಬರು ಒಮ್ಮೆ ತೊಟ್ಟಿಯ ಬಳಿ ಮೂಗಿಗೆ ಕರವಸ್ತ್ರ ಹಿಡಿದದ್ದಕ್ಕೆ ನಾನು ವಾರವಿಡೀ ಮನೆಯಲ್ಲಿ ಕೂಗಾಡಿದ್ದೆ, ಈ ವಾಸನೆಯೇ ನಮಗೆ ಅನ್ನ ಎಂದು. ಅದನ್ನು ಕೇಳಿಸಿಕೊಂಡವಳು ಹಸಿದುಕೊಂಡೇ ಸುಮ್ಮನಿದ್ದಳು.

ಮೂಗಿನ ಸ್ವಭಾವವೇ ಹಾಗೆ ಇರಬೇಕು. ಗಾಣದವನಿಗೆ ಎಣ್ಣೆಯ ವಾಸನೆ ಬಾರದು, ಹೊಗೆಸೊಪ್ಪಿನವನಿಗೆ ಘಾಟು ತಿಳಿಯದು. ಊರಿಗೆಲ್ಲ ಬೊಗಳುವ ನಾಯಿ ಯಜಮಾನನನ್ನು ಕಂಡರೆ ಸುಮ್ಮನಾಗುತ್ತದೆ. ಮೂಗೂ ಅಂಥದೇ ಪ್ರಾಣಿ. ಆದರೆ ಇಷ್ಟೆಲ್ಲ ಹೊಳೆದದ್ದು ಆಮೇಲೆ. ಆ ಹೊತ್ತಿಗೆ ಪಾಯಸದ ಬಟ್ಟಲನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಮಧ್ಯಾಹ್ನದ ಮೇಲೆ ನಾನು ರಸ್ತೆಯ ಆಚೆ, ಅವರು ಈಚೆ. ಬೇಕರಿಯಲ್ಲಿ ಸಾವಿತ್ರಿ ಬನ್ನು ತಿನ್ನುವುದನ್ನು ಎದುರಿನ ಬೀಡಾ ಅಂಗಡಿಯಿಂದ ನೋಡಿದೆ. ಪೀಟರ್ ರಸ್ತೆ ದಾಟಿ ಸುದ್ದಿ ತರುತ್ತಿದ್ದರು: "ಬನ್ನಾಯ್ತು. ಈಗ ಚುರುಮುರಿ ಬೇಕಂತೆ. ಖಾರ ಹೆಚ್ಚಿಗೆ ಹಾಕ್ಲಿಕ್ಕೆ ಹೇಳಿದಾಳೆ." ಅವಳು ಮಾವಿನಕಾಯಿ ಚೂರನ್ನು ಆರಿಸಿ ಬಾಯಿಗೆ ಹಾಕಿಕೊಂಡದ್ದು, ಖಾರಕ್ಕೆ ಕೈಬೀಸಿಕೊಂಡದ್ದು, ಅವ್ವನ ಪೊಟ್ಟಣಕ್ಕೂ ಕೈಹಾಕಿದ್ದು, ಎಲ್ಲ ಕಂಡೆ. ನಡುವೆ ಎತ್ತಿನ ಗಾಡಿಯೋ ಲಾರಿಯೋ ಅಡ್ಡ ಬಂದರೆ ಸಿಟ್ಟು ಬರುತ್ತಿತ್ತು. ಕಟ್ಟಿಕೊಂಡ ಹೆಂಡತಿಯನ್ನು ಹೀಗೆ ಕದ್ದು ನೋಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಯಿತು. ಓಡಿ ಹೋಗಿ ಪಕ್ಕದಲ್ಲಿ ನಿಲ್ಲಬೇಕೆನ್ನಿಸುವುದು. ನಿಂತರೆ ಅವಳು ತಿನ್ನುವುದನ್ನು ಬಿಡುತ್ತಾಳೆ. ನಿಲ್ಲಲಿಲ್ಲ. ಸಂಜೆ ಬಸ್ಸಿನಲ್ಲೂ ಹಿಂದಿನ ಬಾಗಿಲ ಬಳಿಯೇ ನಿಂತಿದ್ದೆ. ಆಲೂರು ದಾಟುವಾಗ ಅವಳು ಒಮ್ಮೆ ತಿರುಗಿ, ಗುಂಪಿನಲ್ಲಿ ನನ್ನನ್ನು ಹುಡುಕಿದಳು.

ಕೊಯ್ಲು ಮುಗಿಯುವವರೆಗೆ ನಾನು ಜಗಲಿಯಲ್ಲಿ ಉಂಡೆ, ಎಸ್ಟೇಟಿನ ಸ್ಟೋರಿನಲ್ಲಿ ಮಲಗಿದೆ. ಅವಳು ಒಳಗೆ ಚೆನ್ನಾಗಿ ಉಂಡಳು. ಮಳೆಗಾಲದಲ್ಲಿ ಮಗಳು ಹುಟ್ಟಿದಳು. ಕಿವಿ ಸೋರಲಿಲ್ಲ, ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಕರೆದರೆ ಮಾತ್ರ ಕೇಳಿಸುವುದಿಲ್ಲ.

ನಾನೀಗ ಪಲ್ಪರ್ ಬಿಟ್ಟು ಬೀಜ ಒಣಗಿಸುವ ಕಣ ನೋಡಿಕೊಳ್ಳುತ್ತೇನೆ. ಹಾಸನಕ್ಕೆ ಹೋದರೆ ಮಗಳೂ ಸೇರಿ ಮೂವರೂ ಒಂದೇ ಮೇಜಿನಲ್ಲಿ ಕೂರುತ್ತೇವೆ. ಆದರೆ ಪಕ್ಕದಲ್ಲಿ ಕೂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವರವರ ತಟ್ಟೆ ಅವರವರಿಗೆ. ಬೀಡಾ ಅಂಗಡಿಯ ಮುಂದೆ ನಿಂತಾಗ ಕಂಡಷ್ಟು ಸಾವಿತ್ರಿ ಆಮೇಲೆ ನನಗೆ ಕಂಡಿಲ್ಲ. ಅದಕ್ಕೆ ನಾನು ಬೇಗ ಬೇಗ ತಿಂದು, ಅವಳ ತಟ್ಟೆಯಲ್ಲಿ ಇನ್ನೂ ಇರುವಾಗಲೇ ಎದ್ದು ನಲ್ಲಿಯ ಹತ್ತಿರ ಹೋಗುತ್ತೇನೆ. ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಮೊನ್ನೆ ಹಿಂದೆ ನಿಂತಿದ್ದವನು ಕೇಳಿಯೇ ಬಿಟ್ಟ: "ಎಷ್ಟೊತ್ತು ಕೈ ತೊಳೀತೀರಿ ಯಜಮಾನ್ರೇ?"

"ತಡ್ಕಳಪ್ಪ" ಎಂದೆ, "ಇನ್ನೊಂದು ತುತ್ತು ಐತೆ."