ಮಾತಾಡಿಕೊಂಡು ಓಡಿದ ದಿನಗಳು

ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ನಿಮಗೆ ಇಷ್ಟವಿರಬಹುದು. ಬಹಳ ಜನಕ್ಕೆ ಇಷ್ಟ. ನನಗೆ ಮಾತ್ರ ಅದು ಮೂಗಿಗೆ ಬಿದ್ದರೆ ಸಿಟ್ಟು ನೆತ್ತಿಗೇರುತ್ತದೆ. ಕಳೆದ ಭಾನುವಾರ ಮೊಳಕಾಲ್ಮೂರಿನ ಅತ್ತೆಯ ಮನೆಯ ಅಡುಗೆಮನೆಯಲ್ಲಿ ನಿಂತು ಅದನ್ನೇ ಹುರಿಯುತ್ತಿದ್ದೆ. ಪಡಸಾಲೆಯ ಮಂಚದ ಮೇಲೆ, ಗಂಡನ ಮನೆಯಿಂದ ಬಂದಿದ್ದ ನನ್ನ ನಾದಿನಿ ಕವಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹನ್ನೆರಡು ವಾರದ ಬಸಿರು ಹೋಗಿ ಆರು ದಿನವಾಗಿತ್ತು. ಹೆತ್ತವಳಿಗೆ ಕೊಡುವ ಬೆಳ್ಳುಳ್ಳಿ, ಮೆಣಸು, ತುಪ್ಪ, ಬಿಸಿ ಅನ್ನವನ್ನೇ ಕಳೆದುಕೊಂಡವಳಿಗೂ ಕೊಡುತ್ತಾರೆ, ಮೈ ಗಟ್ಟಿಯಾಗಲಿ ಅಂತ. ಸರಿಯೇ ಇರಬಹುದು. ಆದರೆ ತೊಟ್ಟಿಲಿಲ್ಲದ ಮನೆಯಲ್ಲಿ ಬಾಣಂತಿಯ ಊಟ ಮಾಡುವುದಿದೆಯಲ್ಲ, ಅದು ಮಾಡಿದವರಿಗೇ ಗೊತ್ತು. ನಾನು ಮಾಡಿದ್ದೇನೆ, ಇದೇ ಮನೆಯಲ್ಲಿ, ಇದೇ ಮಂಚದ ಮೇಲೆ ಕೂತು.

ಎರಡು ಮನೆ ಆಚೆಯ ರತ್ನಮ್ಮ ನೋಡಿಕೊಂಡು ಹೋಗಲು ಬಂದಿದ್ದರು. ನೋಡಿಕೊಂಡು ಹೋಗುವುದೆಂದರೆ ಒಂದು ಕಾರಣ ಹುಡುಕಿ ಕೊಟ್ಟು ಹೋಗುವುದು.

"ಸ್ಕೂಟಿ ಓಡಿಸ್ತಿದ್ಲಲ್ಲ, ಅದ್ಕೇ ಇರ್ಬೇಕು," ಅಂದರು.

"ಎರಡು ತಿಂಗಳಿಂದ ಮುಟ್ಟಿಲ್ಲ ಕಣಮ್ಮ ಅವ್ಳು," ಅಂದರು ಅತ್ತೆ, ಪಡಸಾಲೆಯ ಮೂಲೆಯ ಮಗ್ಗದಿಂದಲೇ.

"ಹಂಗಾದ್ರೆ ಅದಕ್ಕೂ ಮುಂಚೆ ಓಡ್ಸಿದ್ದು."

ಈ ತರ್ಕಕ್ಕೆ ನೀವು ಏನು ಉತ್ತರ ಕೊಡುತ್ತೀರಿ? ನಾನು ಸೌಟು ಆಡಿಸಿದೆ. ಬೆಳ್ಳುಳ್ಳಿ ಕೆಂಪಾಗುತ್ತಿತ್ತು. ಏಳು ವರ್ಷದ ಹಿಂದೆ ಇದೇ ರತ್ನಮ್ಮ, ಇದೇ ಬಾಗಿಲಲ್ಲಿ ನಿಂತು ನನ್ನ ಕಾರಣವನ್ನೂ ಹೇಳಿದ್ದರು.

ನಾನು ಚಳ್ಳಕೆರೆಯ ಹೈಸ್ಕೂಲಿನಲ್ಲಿ ಪಿಟಿ ಟೀಚರು. ನಾನೂ ಓಡುವವಳು. ಕಾಲೇಜಿನಲ್ಲಿದ್ದಾಗ ಜಿಲ್ಲಾಮಟ್ಟದ ಮೂರು ಸಾವಿರ ಮೀಟರ್ ಓಟದಲ್ಲಿ ಮೂರನೆಯವಳಾಗಿ ಬಂದಿದ್ದೆ. ಕಣದಲ್ಲಿ ಒಟ್ಟು ಐದು ಜನ ಇದ್ದರು, ಅವರಲ್ಲೊಬ್ಬಳು ಅರ್ಧಕ್ಕೇ ಕೂತುಬಿಟ್ಟಳು ಎಂಬುದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ. ಆಮೇಲೆ ಪದಕ ಗಿದಕ ಏನೂ ಇಲ್ಲ. ಆದರೂ ಬೆಳಗಾಗುತ್ತಿದ್ದಂತೆ ಶೂ ಕಟ್ಟಿಕೊಂಡು ನಾಯಕನಹಟ್ಟಿ ರಸ್ತೆಗೆ ಇಳಿಯುವುದು ಬಿಡಲಿಲ್ಲ. ಊರು ದಾಟಿದರೆ ಕಣ್ಣಿಗೆ ಅಡ್ಡವಾಗಲು ಒಂದು ಮರವೂ ಸಿಗದ ಬಯಲು. ಗಾಳಿಯಲ್ಲಿ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆ. ಆ ವಾಸನೆ ಬಂತೆಂದರೆ ನನ್ನ ಕಾಲು ತಾನಾಗಿ ಏಳುತ್ತದೆ. ಕೆಲವರಿಗೆ ಕಾಫಿ ಬೇಕು, ನನಗೆ ಇದು ಬೇಕು, ಅಷ್ಟೆ.

ಮೊದಲ ಸಲ ಬಸಿರಾದಾಗಲೂ ಓಡುತ್ತಿದ್ದೆ. ಒಂಬತ್ತನೆಯ ವಾರದಲ್ಲಿ ಹೋಯಿತು. ಶಾಲೆಯಲ್ಲಿ ಮಧ್ಯಾಹ್ನ ಹಾಜರಿ ಕೂಗುತ್ತಿದ್ದಾಗ ಶುರುವಾಗಿ ಸಂಜೆಗೆ ಮುಗಿದುಹೋಯಿತು. ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು: "ನೀನು ಓಡಿದ್ದರಿಂದ ಇದು ಆಗಿಲ್ಲ. ಅದು ಮೊದಲಿಂದಲೇ ಸರಿಯಾಗಿ ಕೂಡಿಕೊಂಡಿರಲಿಲ್ಲ. ನೀನು ಮಲಗೇ ಇದ್ದಿದ್ರೂ ಹೋಗ್ತಿತ್ತು." ನಾನು ತಲೆಯಾಡಿಸಿದೆ. ಪಕ್ಕದಲ್ಲಿದ್ದ ನನ್ನ ಗಂಡ ಮಂಜುನಾಥನೂ ತಲೆಯಾಡಿಸಿದ. ಅವನಿಗೆ ಚಳ್ಳಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಇದ್ದದ್ದನ್ನು ಇದ್ದಹಾಗೆ ಇನ್ನೊಂದು ಪ್ರತಿ ತೆಗೆಯುವುದು ಅವನ ಕಸುಬು. ಆದರೆ ಡಾಕ್ಟರಮ್ಮ ಹೇಳಿದ ಆ ಒಂದು ಮಾತಿನ ಪ್ರತಿಯನ್ನು ಅವನು ಯಾರಿಗೂ ಕೊಡಲಿಲ್ಲ. ಬಂದವರು ಹೋದವರು ಏನೇನೋ ಅನ್ನುವಾಗ ಮೊಬೈಲ್ ನೋಡಿಕೊಂಡು ಕೂತಿರುತ್ತಿದ್ದ.

ಆಗ ಹದಿನೈದು ದಿನ ಮೊಳಕಾಲ್ಮೂರಿನಲ್ಲಿದ್ದೆ. ದಿನಕ್ಕೆ ನಾಲ್ಕೈದು ಜನ ಬರುತ್ತಿದ್ದರು. ಒಬ್ಬರು ಪರಂಗಿಹಣ್ಣು ಅಂದರು. ಒಬ್ಬರು ದೃಷ್ಟಿ ಅಂದರು. ಉಳಿದವರೆಲ್ಲ ಓಟ ಅಂದರು. ಬಾಗಿಲ ಪಕ್ಕ ನನ್ನ ಶೂ ಇದ್ದವು. ಕೂತವರೆಲ್ಲ ಮೊದಲು ಶೂ ನೋಡುತ್ತಿದ್ದರು, ಆಮೇಲೆ ನನ್ನನ್ನು. ರತ್ನಮ್ಮ ಗದ್ದದಿಂದಲೇ ಶೂ ತೋರಿಸಿ, "ಹೆಣ್ಮಗಳು ಗಂಡುಡುಗ್ರಂಗೆ ಎಗರಾಡಿದ್ರೆ ಹೊಟ್ಟೇಲಿ ನಿಲ್ತೈತಾ?" ಅಂದಿದ್ದರು. ಮಾರನೆಯ ದಿನ ನೋಡಿದರೆ ಶೂ ಇಲ್ಲ. ಅತ್ತೆ ಅವನ್ನು ಮಗ್ಗದ ಗುಂಡಿಗೆ ಹಾಕಿದ್ದರು. ಮೊಳಕಾಲ್ಮೂರಿನ ಮನೆ ಮಗ್ಗ ನೀವು ನೋಡಿರದಿದ್ದರೆ ಹೇಳುತ್ತೇನೆ: ನೆಲದಲ್ಲಿ ಒಂದು ಗುಂಡಿ, ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ದಿನವಿಡೀ ತುಳಿಯುತ್ತಿರಬೇಕು. ಅತ್ತೆಯ ಪಾದದ ಪಕ್ಕದ ಕತ್ತಲಲ್ಲಿ ನನ್ನ ಶೂ ಬಿದ್ದಿದ್ದವು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ಆವತ್ತೇ ಅವರ ಮೇಲೆ ಹಲ್ಲು ಮಸೆಯತೊಡಗಿದೆ.

ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆಯೇ. ಯಾಕೆಂದರೆ ಡಾಕ್ಟರಮ್ಮ ಹೇಳಿದ್ದು ಕಿವಿಗೆ ಬಿದ್ದಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ರತ್ನಮ್ಮ ಹೇಳಿದ್ದು ಮಾತ್ರ ಇಳಿದಿತ್ತು.

ಒಂದು ವರ್ಷದ ಮೇಲೆ ಮತ್ತೆ ಬಸಿರಾದೆ. ಈ ಸಲ ಶೂ ಮುಟ್ಟುವುದಿಲ್ಲ ಅಂತ ನಾನೇ ನಿರ್ಧಾರ ಮಾಡಿ ಹತ್ತು ದಿನ ಮಲಗಿದೆ. ಹತ್ತು ದಿನದಲ್ಲಿ ಹುಚ್ಚು ಹಿಡಿಯುವುದೊಂದು ಬಾಕಿ. ಗಂಟೆಗೊಮ್ಮೆ ಬಚ್ಚಲಿಗೆ ಹೋಗಿ ರಕ್ತ ಕಾಣಿಸಿತೇ ಅಂತ ನೋಡಿಕೊಳ್ಳುವುದು, ಬಂದು ಮಲಗುವುದು, ಮತ್ತೆ ಏಳುವುದು. ಡಾಕ್ಟರಮ್ಮನ ಮುಂದೆ ಕೂತು ಅತ್ತುಬಿಟ್ಟೆ. ಅವರು ಪರೀಕ್ಷೆ ಮಾಡಿ ಹೇಳಿದರು: "ವರ್ಷಗಟ್ಟಲೆ ಓಡಿದ ಮೈ ನಿಂದು. ಎಲ್ಲಾ ಸರಿ ಇದೆ. ನಿಧಾನಕ್ಕೆ ಓಡು, ಬಿಸಿಲಲ್ಲಿ ಬೇಡ, ಪಂದ್ಯ ಗಿಂದ್ಯ ಬೇಡ. ಓಡ್ತಾ ಓಡ್ತಾ ಮಾತಾಡೋಕೆ ಆಗಬೇಕು, ಅದೇ ಅಳತೆ. ರಕ್ತ, ನೋವು, ತಲೆಸುತ್ತು ಏನು ಕಂಡರೂ ನಿಲ್ಲಿಸಿ ಬಾ."

ಈ ಮಾತಿನ ಪ್ರತಿಯನ್ನು ಮಾತ್ರ ಮಂಜುನಾಥ ತಡಮಾಡದೆ ಅವರವ್ವನಿಗೆ ಫೋನಿನಲ್ಲಿ ತಲುಪಿಸಿದ. ಮರುದಿನ ಮೊದಲ ಬಸ್ಸಿಗೇ ಅತ್ತೆ ಚಳ್ಳಕೆರೆಗೆ ಬಂದಿಳಿದರು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾದೆ. ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, ಡಾಕ್ಟರು ಏನಂದರು ಅಂತ ನನ್ನ ಬಾಯಿಂದಲೇ ಎರಡು ಸಲ ಕೇಳಿದರು.

"ಓಡೋವಾಗ ಮಾತಾಡೋಕಾಗ್ಬೇಕು ಅಂದ್ರಾ?"

"ಹ್ಞೂಂ."

"ಹಂಗಾದ್ರೆ ಮಾತಾಡ್ಸೋರು ಬೇಕಲ್ಲಮ್ಮ. ಒಬ್ಳೇ ಏನಂತ ಮಾತಾಡ್ತೀಯಾ?"

ಮಾರನೆಯ ಬೆಳಗ್ಗೆ ನಾಯಕನಹಟ್ಟಿ ರಸ್ತೆ ಕಂಡ ಮೆರವಣಿಗೆಯನ್ನು ನೀವೂ ನೋಡಬೇಕಿತ್ತು. ಮಂಜುನಾಥ ತನ್ನ ಹಳೇ ಮೊಪೆಡ್ಡನ್ನು ಆಮೆಯ ನಡಿಗೆಯಲ್ಲಿ ಓಡಿಸುತ್ತಿದ್ದ. ಅದು ನೂರು ಗಜಕ್ಕೊಮ್ಮೆ ಕೆಮ್ಮಿ ನಿಲ್ಲುತ್ತಿತ್ತು. ಹಿಂದೆ ಅತ್ತೆ, ಮಡಿಲಲ್ಲಿ ನೀರಿನ ಬಾಟಲಿ, ನನ್ನ ಶಾಲು. ಪಕ್ಕದಲ್ಲಿ ನಾನು. ಊರಂಚಿನ ಪಂಕ್ಚರ್ ಅಂಗಡಿಯ ಸಾಬರು ಶಟರ್ ಎತ್ತುತ್ತಾ, "ಕ್ಯಾ ಅಮ್ಮಾ, ರೇಸ್ ಕ್ಯಾ?" ಅಂತ ಅತ್ತೆಯನ್ನೇ ಕೇಳಿದರು. ಅತ್ತೆ ಗಂಭೀರವಾಗಿ "ಹ್ಞಾಂ" ಅಂದರು.

ಅತ್ತೆಯ ಪ್ರಶ್ನೆಗಳೋ, ಒಂದಕ್ಕೊಂದು ಸಂಬಂಧವಿಲ್ಲ. ನಿನ್ನೆ ಸಾರಿಗೆ ಏನು ಹಾಕಿದ್ದೆ? ನಿಮ್ಮಜ್ಜಿಯ ತಂಗಿಯ ಹೆಸರೇನು? ನಿಮ್ಮ ಹೆಡ್‌ಮಾಸ್ಟರಿಗೆ ಎಷ್ಟು ಮಕ್ಕಳು? ಉತ್ತರ ತುಂಡಾದರೆ, ಉಸಿರು ನಡುವೆ ಬಂದರೆ, ಅವರ ಆಂಧ್ರದ ಕಡೆಯ ತೌರಿನ ತೆಲುಗು ಹೊರಗೆ ಬರುತ್ತಿತ್ತು: "ಮೆಲ್ಲಗಾ, ಮೆಲ್ಲಗಾ." ನಾನು ನಿಧಾನ ಮಾಡಬೇಕು. ನನ್ನ ಯಾವ ಕೋಚೂ ಇಷ್ಟು ನಿಖರವಾಗಿ ನನ್ನನ್ನು ಓಡಿಸಿರಲಿಲ್ಲ. ಬಸಿರಿನ ವಿಷಯ ಮೂರು ತಿಂಗಳು ಹೊರಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ನಾವು ಮೂವರು ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಒಂಬತ್ತನೆಯ ವಾರ ಬಂತು. ಆ ವಾರದ ಒಂದು ಬೆಳಗ್ಗೆ ಏಳಲೊಲ್ಲದ ಕಾಲನ್ನು ಎಳೆದುಕೊಂಡು ಓಡುತ್ತಿದ್ದೆ. ಭಯ. ಅತ್ತೆ ಸಾರಿನ ಪ್ರಶ್ನೆ ಕೇಳಿದರು. ಉತ್ತರದ ಬದಲು ನಾನೇ ಒಂದು ಪ್ರಶ್ನೆ ಹಾಕಿದೆ.

"ನನ್ ಶೂ ಯಾಕ್ರಿ ಗುಂಡಿಗೆ ಹಾಕಿದ್ರಿ ಅತ್ತೆ?"

ಅತ್ತೆ ರಸ್ತೆ ನೋಡಿಕೊಂಡೇ ಹೇಳಿದರು. "ಮಂಜಂಗಿಂತ ಮುಂಚೆ ನಂಗೊಂದು ಹೋಯ್ತು. ನಾಕ್ ತಿಂಗ್ಳಾಗಿತ್ತು. ಮಗ್ಗ ತುಳಿದಿದ್ದಕ್ಕೇ ಹೋಯ್ತು ಅಂದ್ರು ನಮ್ಮತ್ತೆ. ಬಂದೋರ್ಗೆಲ್ಲ ಅದೇ ಹೇಳಿದ್ರು. ಒಂಬತ್ತನೇ ದಿನಕ್ಕೆ, 'ಮದ್ವೆ ಸೀರೆ ಇಳಿಸ್ಬೇಕು, ಕೂತ್ಕೋ ಮಗ್ಗಕ್ಕೆ' ಅಂದ್ರು. ಅದೇ ಬಾಯಲ್ಲಿ. ಆಮ್ಯಾಕೆ ಮಂಜ ಹೊಟ್ಟೇಲಿದ್ದಾಗ ನೋವು ಬರೋಗಂಟ ತುಳಿದೆ. ಕವಿತಾ ಇದ್ದಾಗ್ಲೂ ತುಳಿದೆ. ಅದೇ ಮಗ್ಗ, ಅದೇ ಕಾಲು." ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. "ಬಂದೋರೆಲ್ಲ ನಿನ್ ಶೂ ನೋಡೋರು. ನಿನ್ ಕಣ್ಣಿಗಲ್ಲ, ಅವ್ರ ಕಣ್ಣಿಗೆ ಬೀಳ್ಬಾರ್ದು ಅಂತ ಇಟ್ಟೆ."

ಇಲ್ಲಿ ನನ್ನ ಸಿಟ್ಟು ಕರಗಿಹೋಯಿತು ಅಂತ ನೀವು ಅಂದುಕೊಳ್ಳಬಹುದು. ಇಲ್ಲ, ಇನ್ನೂ ಏರಿತು. "ಅವ್ರಿಗೆ ಬಾಯಿ ಬಿಟ್ಟು ಹೇಳ್ಬೋದಿತ್ತಲ್ಲ ಮತ್ತೆ!" ಅಂತ ಕೂಗಿದೆ, ಓಡುತ್ತಲೇ. ಅವರು "ಮೆಲ್ಲಗಾ" ಅಂದರು, ಅಷ್ಟೆ. ಮಂಜುನಾಥ ಹ್ಯಾಂಡಲ್ ಹಿಡಿದುಕೊಂಡು ಮುಂದಕ್ಕೇ ನೋಡುತ್ತಿದ್ದ.

ಹೊಟ್ಟೆ ಕಾಣುವವರೆಗೆ ಓಡಿದೆ, ಆಮೇಲೆ ನಡೆದೆ. ಮಗಳು ಹುಟ್ಟಿದಳು. ನಾಮಕರಣಕ್ಕೆ ಮೊಳಕಾಲ್ಮೂರಿನ ಮನೆ ತುಂಬ ಜನ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ರತ್ನಮ್ಮ ಎಲ್ಲರಿಗೂ ಕೇಳುವಂತೆ, "ಈ ಸಲ ಓಡೋದು ಬಿಟ್ಟು ತೆಪ್ಪಗೆ ಕೂತ್ಲು ನೋಡ್ರಿ, ಕೂಸು ಉಳೀತು," ಅಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತಟ್ಟೆಗಳಿಗೆ ಎಲೆ ಅಡಿಕೆ ಜೋಡಿಸುತ್ತಿದ್ದರು, ತಲೆ ಎತ್ತಲಿಲ್ಲ. ಐದು ವರ್ಷ ನಾನು ಆ ತಲೆ ಎತ್ತದ್ದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡೆ. ನಾನೇನು ಮಾಡಿದೆ ಅನ್ನುವುದನ್ನು ಮಾತ್ರ ಜಾಣತನದಿಂದ ಮರೆತಿದ್ದೆ. ನಾನು ನಕ್ಕಿದ್ದೆ. ಕೈಯಲ್ಲಿ ಕೂಸಿದೆ, ಇನ್ನು ಯಾರು ಏನಂದರೆ ನನಗೇನು ಅಂತ ರತ್ನಮ್ಮನಿಗೆ ಹಲ್ಲು ಕಿರಿದು ಇನ್ನೊಂದು ಲಾಡು ಹಾಕಿಸಿದ್ದೆ.

ಅದಕ್ಕೆ ಕಳೆದ ಭಾನುವಾರ ದಂಡ ತೆತ್ತೆ. ನಾನಲ್ಲ, ತೆತ್ತವಳು ಕವಿತಾ. ಸ್ಕೂಟಿಯ ಮಾತು ಮುಗಿದ ಮೇಲೆ ಅವಳು ಆರು ದಿನದಲ್ಲಿ ಮೊದಲ ಸಲ ಗೋಡೆಯಿಂದ ಈಚೆ ತಿರುಗಿ, ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು.

"ಅತ್ತಿಗೆ, ನೀವು ಓಡೋದು ಬಿಟ್ಟಂಗೆ ನಾನೂ ಎಲ್ಲಾ ಬಿಟ್ಟಿದ್ನಲ್ಲ. ಮೆಟ್ಲು ಸೈತ ಹತ್ತಿಲ್ಲ. ನಿಮ್ಗೆ ಉಳೀತು. ನಾನೇನ್ ತಪ್ ಮಾಡ್ದೆ?"

ನನ್ನ ಒಂದು ನಗುವನ್ನು ನಂಬಿ ಈ ಹುಡುಗಿ ಎರಡು ತಿಂಗಳು ಮಲಗಿದ್ದಳು. ಹೋದದ್ದಕ್ಕೂ ಈಗ ತನ್ನನ್ನೇ ಹೊಣೆ ಮಾಡಿಕೊಂಡು ಮಲಗಿದ್ದಳು.

"ನಾನು ಬಿಟ್ಟಿರಲಿಲ್ಲ ಕವಿತಾ," ಅಂದೆ. ನನ್ನ ದನಿ ಮೈದಾನದಲ್ಲಿ ಕೂಗುವ ದನಿಯಾಗಿತ್ತು. "ಓಡಿದ್ದೆ. ಹೊಟ್ಟೆ ಕಾಣೋವರೆಗೂ ಓಡಿದ್ದೆ."

ಮಗ್ಗದ ಸದ್ದು ನಿಂತಿತು. ರತ್ನಮ್ಮ, "ಅಯ್ಯೋ, ಸುಳ್ಳು ಯಾಕೆ ಹೇಳ್ತೀಯಾ ಈ ಹೊತ್ನಲ್ಲಿ," ಅಂದರು. ಅತ್ತೆ ಗುಂಡಿಯಿಂದ ಕಾಲು ಎತ್ತಿ, ಕಂಬ ಹಿಡಿದು ನಿಂತರು. ಅಷ್ಟು ಏಳುವುದಕ್ಕೇ ಅವರಿಗೆ ಈಗ ಹೊತ್ತು ಬೇಕು.

"ಸುಳ್ಳಲ್ಲ. ನಾನೇ ಗಾಡಿ ಹಿಂದೆ ಕೂತಿದ್ದೆ."

"ಹಂಗಾದ್ರೆ ಅದಕ್ಕೆ ಮುಂಚಿನ್ದು..." ರತ್ನಮ್ಮ ಶುರುಮಾಡಿದರು.

"ಅದ್ರಾಗೂ ಇವ್ಳ ತಪ್ಪಿರಲಿಲ್ಲ. ಈಗ ಇವ್ಳದೂ ಇಲ್ಲ." ಅತ್ತೆ ಮಗಳ ಕಡೆ ಕೈ ಮಾಡಿದರು. "ನಂದೂ ಇರಲಿಲ್ಲ."

ಕವಿತಾ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅತ್ತೆ ಹೋಗಿ ಅವಳ ಪಕ್ಕ ಕೂತರು. ಒಳಗಿನಿಂದ ಸುಟ್ಟ ವಾಸನೆ ಬಂದು ಓಡಿದೆ, ಬೆಳ್ಳುಳ್ಳಿ ಕರಕಲಾಗಿತ್ತು. ಬಾಣಲೆಯನ್ನು ಹಾಗೇ ಬಚ್ಚಲಲ್ಲಿ ಬೋರಲು ಹಾಕಿದೆ. ಈಚೆ ಬಂದು, ಏನು ತಿಂತೀಯಾ ಅಂತ ಕವಿತಾಳನ್ನು ಕೇಳಿದೆ. ಆರು ದಿನದಿಂದ ಎಲ್ಲರೂ ಅವಳಿಗೆ ತಿನ್ನಿಸುತ್ತಿದ್ದರು, ಕೇಳಿದ್ದು ಯಾರೂ ಇಲ್ಲ. ಅವಳು ಮೂಗು ಒರೆಸಿಕೊಂಡು, "ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ," ಅಂದಳು. ರತ್ನಮ್ಮ ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಿದರು. ರತ್ನಮ್ಮ ಬಾಯಿ ಮುಚ್ಚಿದರು.

ನಾನೇ ತರಲು ಹೊರಟೆ. ಶೂ ಚಳ್ಳಕೆರೆಯಲ್ಲಿದ್ದವು, ಮೈಮೇಲೆ ಸೀರೆ, ಕಾಲಲ್ಲಿ ಅತ್ತೆಯ ಹವಾಯಿ ಚಪ್ಪಲಿ. ಮದುವೆಯಾಗಿ ಹತ್ತು ವರ್ಷವಾದರೂ ಮೊಳಕಾಲ್ಮೂರಿನ ಬೀದಿಯಲ್ಲಿ ನಾನು ಒಂದು ದಿನವೂ ಓಡಿರಲಿಲ್ಲ. ಸಿಟ್ಟು ಇನ್ನೂ ಮೈಯಲ್ಲೇ ಇತ್ತು. ಈಗಲೂ ಇದೆ, ಇರಲಿ. ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದೆ. ಜಗಲಿಯ ಮೇಲೆ ಕೂತು ನೂಲು ಸುತ್ತುತ್ತಿದ್ದ ಹೆಂಗಸೊಬ್ಬರು, "ಯಾಕಮ್ಮ ಹಿಂಗ್ ಓಡ್ತಿದೀಯಾ, ಏನಾಯ್ತು?" ಅಂತ ಕೂಗಿದರು.

"ಏನೂ ಆಗಿಲ್ಲ ಕಣ್ರಿ, ಓಡೋದು ನಂಗೆ ರೂಢಿ ಐತೆ. ಮಗಳು ಹೊಟ್ಟೇಲಿದ್ದಾಗ್ಲೂ ಓಡಿದ್ದೆ," ಅಂದೆ, ನಿಲ್ಲದೆ. ಅಷ್ಟನ್ನೂ ಹೇಳುವಷ್ಟು ಉಸಿರು ಇತ್ತು.